ಕೂಸಿನ ಫೋಟೋಗೆ ಬಂದ ಉತ್ತರಗಳು

ತಾಯಂದಿರೇ, ಅಜ್ಜಿಯಂದಿರೇ, ಸ್ವಲ್ಪ ಕೇಳಿ. ಗಂಡಸರು ಎದ್ದು ಹೋಗಬೇಡಿ, ಈ ಮಾತು ನಿಮಗೂ ಸೇರಿದ್ದು. ನಾನು ತುರ್ವಿಹಾಳದ ನರಸಣ್ಣ. ನನಗೆ ಮಾತು ಜಾಸ್ತಿ, ಬರೆಯುವುದೆಂದರೆ ಬೇಸರ. ಅದಕ್ಕೇ ಫೋನಿನಲ್ಲಿ ಬಾಯಿಂದಲೇ ಹೇಳಿ ಕಳಿಸುತ್ತಿದ್ದೇನೆ. ನಡುವೆ ಕೆಮ್ಮು ಬಂದರೆ ಸಹಿಸಿಕೊಳ್ಳಿ.

ನಮ್ಮ ಕಡೆಯ ಬಾಣಂತಿ ಕೋಣೆ ನಿಮಗೆ ಗೊತ್ತೇ ಇದೆ. ಕಿಟಕಿಗೆ ಹಳೆಯ ಕೌದಿ, ಬಾಗಿಲಿಗೆ ಸೀರೆ, ಒಳಗೆ ಲೋಬಾನದ ಹೊಗೆ. ಹಗಲಲ್ಲೂ ಮುಖಕ್ಕೆ ಮುಖ ಕಾಣುವುದಿಲ್ಲ. ಕೂಸಿಗೆ ದಿನಾ ಎಣ್ಣೆ, ಅರಿಶಿನ ಹಚ್ಚಿ ಎರೆಯುತ್ತಾರೆ. ಅಂಥ ಕತ್ತಲೆಯಲ್ಲಿ ಅರಿಶಿನ ಹಚ್ಚಿದ ಕೂಸು ಯಾವುದು, ಕಾಮಣಿ, ಅಂದರೆ ಕಾಮಾಲೆ, ಆದ ಕೂಸು ಯಾವುದು? ಯಾರಿಗೆ ತಿಳಿಯಬೇಕು? ನಮ್ಮ ಪಕ್ಕದ ಮನೆಯವರಿಗೆ ತಿಳಿಯಲಿಲ್ಲ.

ಪಕ್ಕದ ಮನೆ ಬಸ್ಸಪ್ಪ, ಯಂಕಮ್ಮ ಗಂಡ ಹೆಂಡಿರದು. ಮಗಳು ಮೇಘಾ ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಅಳಿಯ ಮಲ್ಲೇಶನಿಗೆ ಲಿಂಗಸುಗೂರಿನಲ್ಲಿ ಸರ್ಕಾರಿ ನೌಕರಿ. ಮೇಘಾ ಓದಿದ ಹುಡುಗಿ, ಕೈಯಲ್ಲಿ ಸದಾ ಫೋನು. ಅದರಲ್ಲಿ ತಾಯಂದಿರ ಒಂದು ಗುಂಪಿತ್ತು. ಊರೂರಿನ ಹೆಂಗಸರು ಅದರಲ್ಲಿದ್ದರು. ಸೀರೆಗೆ ಕುಚ್ಚು ಹಾಕುವುದನ್ನು ಅವಳು ಅಲ್ಲೇ ಕೇಳಿ ಕಲಿತಳು. ಉಪ್ಪಿನಕಾಯಿಗೆ ಬೂಸಲು ಬಂದರೂ ಅಲ್ಲೇ ಕೇಳುತ್ತಿದ್ದಳು, ನೌಕರಿಗೆ ಅರ್ಜಿ ಹಾಕಲೋ ಬೇಡವೋ ಎಂದೂ ಅಲ್ಲೇ ಕೇಳುತ್ತಿದ್ದಳು. ಬಸುರಿಯಾಗಿದ್ದಾಗ ಕಾಲು ಊದಿದರೆ "ಬಿಪಿ ನೋಡಿಸಿಕೋ ಅಕ್ಕಾ" ಎಂದು ಅವರೇ ಹೇಳಿದ್ದರು. ಒಳ್ಳೆಯದೇ ಆಯಿತು. ಹಾಗಾಗಿ ಆ ಗುಂಪು ಕೆಟ್ಟದ್ದು ಎಂದು ನಾನು ಹೇಳಲಾರೆ. ಹೇಳಿದರೆ ಸುಳ್ಳಾಗುತ್ತದೆ.

ಕೂಸು ಹುಟ್ಟಿ ಇನ್ನೂ ವಾರ ತುಂಬಿರಲಿಲ್ಲ. ಆಶಾ ಕಾರ್ಯಕರ್ತೆ ಜಯಶ್ರೀ ನೋಡಲು ಬಂದಳು. ನಾನು ಹೊರಗೆ ಕಟ್ಟೆಯ ಮೇಲೆ ಬಸ್ಸಪ್ಪನ ಜೊತೆ ಕೂತಿದ್ದೆ. ಒಳಗಿನ ಮಾತೆಲ್ಲ ಕೇಳುತ್ತಿತ್ತು.

"ಯಂಕಮ್ಮತ್ತಿ, ಕೂಸಿನ್ನ ಸ್ವಲ್ಪ ಬಾಗಲಾಕ ತರ್ರಿ. ಬೆಳಕಿನ್ಯಾಗ ನೋಡ್ತೀನಿ."

"ಏ, ಹುಚ್ಚಿ ಅದಿಯೇನು? ಗಾಳಿ ತಾಕತೈತಿ. ಮಂದಿ ಕಣ್ಣು ಬೀಳತಾವು. ಹೊರಗ ಇಬ್ರು ಮುದುಕರು ಕುಂತಾರ ನೋಡು, ಬಾಯಿ ತಕ್ಕೊಂಡು!"

"ನಮ್ಮ ಕಣ್ಣು ನಮಗ ಕಾಣಂಗಿಲ್ಲವಾ, ಕೂಸಿಗೆಲ್ಲಿ ಬೀಳಬೇಕು?" ಎಂದು ನಾನು ಹೊರಗಿನಿಂದ ಕೂಗಿದೆ. ಯಾರೂ ನಗಲಿಲ್ಲ.

"ಅತ್ತಿ, ಕೂಸು ಹಳದಿ ಕಾಣಾಕತ್ತೈತಿ."

"ಅರಿಶಿಣ ಹಚ್ಚಿ ಎರದೀನಿ, ಹಳದಿ ಕಾಣದ ಕೆಂಪು ಕಾಣತೈತೇನು?"

"ಹಾಲು ಕುಡಿತೈತಿಲ್ಲ?"

"ಭಾಳ ಶಾಣ್ಯಾ ಕೂಸು ನಮ್ಮದು. ಅಳಂಗಿಲ್ಲ, ಹಟ ಮಾಡಂಗಿಲ್ಲ. ಹಗಲೂ ರಾತ್ರಿ ಮಕ್ಕೊಂಡ ಇರತೈತಿ."

ಜಯಶ್ರೀ, "ಮೇಘಾ, ಅರಿಶಿಣನೋ ಕಾಮಣಿನೋ ನನಗೂ ಖರೇ ತಿಳೀವಲ್ದು. ಅದಕ್ಕ ಸಿಂಧನೂರು ದವಾಖಾನಿಗೆ ಹೋಗೋಣು. ರಕ್ತ ನೋಡಿ ಹೇಳ್ತಾರ. ನಾನೂ ಬರ್ತೀನಿ, 108ಕ್ಕ ಹಚ್ಚಲೇನು?" ಎಂದಳು.

"ಅಕ್ಕಾರ, ನಿಮಗ ತಿಳೀವಲ್ದು ಅಂದಮ್ಯಾಲ ಯಾಕ ಹೆದರಸ್ತೀರಿ? ಇಷ್ಟು ಸಣ್ಣ ಕೂಸಿಗೆ ಸೂಜಿ ಚುಚ್ಚಸಬೇಕಾ? ತಡೀರಿ, ನಮ್ಮ ಗುಂಪಿನ್ಯಾಗ ಕೇಳ್ತೀನಿ."

ಆ ಕತ್ತಲೆಯಲ್ಲೇ ಮೇಘಾ ಫೋನಿನ ಬೆಳಕು ಹೊತ್ತಿಸಿ ಕೂಸಿನ ಫೋಟೋ ತೆಗೆದಳು. "ನನ್ನ ಕೂಸು ಸ್ವಲ್ಪ ಹಳದಿ ಕಾಣುತ್ತಿದೆ, ಏನಾದರೂ ತೊಂದರೆಯೇ?" ಎಂದು ಕೇಳಿದಳು. ಹಾಲು ಸರಿಯಾಗಿ ಕುಡಿಯುತ್ತಿಲ್ಲ ಎಂಬುದನ್ನು ಬರೆಯಲಿಲ್ಲ. ಎಬ್ಬಿಸಿದರೂ ಏಳುವುದಿಲ್ಲ ಎಂಬುದನ್ನೂ ಬರೆಯಲಿಲ್ಲ. ಅದು ತೊಂದರೆ ಎಂದೇ ಅವರ ಮನೆಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ಉತ್ತರಗಳು ಬಂದವು ನೋಡಿ, ಮಳೆ ಹುಳುಗಳ ಹಾಗೆ. ಒಬ್ಬಳು, ಅರಿಶಿನದ ನೀರಿನಿಂದ ಹಾಗೆ ಕಾಣುತ್ತದೆ ಎಂದಳು. ಇನ್ನೊಬ್ಬಳು, ನನ್ನ ಮಗನೂ ಹೀಗೇ ಇದ್ದ, ಈಗ ಊರೆಲ್ಲ ಓಡಾಡುತ್ತಾನೆ ಎಂದಳು. ಬೆಳಗಿನ ಬಿಸಿಲು ತೋರಿಸು, ತಾನೇ ಹೋಗುತ್ತದೆ ಎಂದರು ಹಲವರು. ಮುದ್ದು ಕೂಸು ಎಂದು ಹೂವಿನ ಚಿತ್ರ ಕಳಿಸಿದವರೂ ಇದ್ದರು. ಮೇಘಾ ಒಂದೊಂದನ್ನೇ ತಾಯಿಗೆ ಓದಿ ಹೇಳಿದಳು. ಯಂಕಮ್ಮ ಜಯಶ್ರೀಗೆ ಚಹಾ ಕೊಟ್ಟು ಕಳಿಸಿದಳು. ಜಯಶ್ರೀ ಮರುದಿನವೂ ಬಂದಳು. ಕೂಸು ಮಲಗಿದೆ ಎಂದು ಬಾಗಿಲಿನಿಂದಲೇ ತಿರುಗಿಸಿ ಕಳಿಸಿದರು.

ಭಾನುವಾರ ಮಲ್ಲೇಶ ಬಂದ. ಮಗಳ ಮುಖ ಸರಿಯಾಗಿ ನೋಡಬೇಕೆಂದು, ಅತ್ತೆ ಬೇಡವೆಂದರೂ ಕೂಸನ್ನು ಎತ್ತಿಕೊಂಡು ಅಂಗಳಕ್ಕೆ ಬಂದ. ಕೂಸಿನ ಕಣ್ಣಿನ ಬಿಳಿಯೂ ಹಳದಿ. ಅಂಗಾಲೂ ಹಳದಿ. ಕಣ್ಣಿನೊಳಗೆ ಯಾರು ಅರಿಶಿನ ಹಚ್ಚುತ್ತಾರೆ ಹೇಳಿ? ಕೂಸಿನ ಕೈ ಬಿಟ್ಟರೆ ಒದ್ದೆ ಬಟ್ಟೆಯಂತೆ ಜೋತು ಬೀಳುತ್ತಿತ್ತು.

"ತಾತಾ, ಕೂಸು ಹಿಂಗ್ಯಾಕ ಆಗೈತ್ರೀ?" ಎಂದು ಅವನು ಕಟ್ಟೆಯ ಮೇಲಿದ್ದ ನನ್ನನ್ನು ಕೇಳಿದ. "ನಡಿಯಪ, ಮೊದ್ಲ ನಡಿ" ಎಂದೆ.

ಸಿಂಧನೂರಿಗೆ ಹೋದರು. ಅಲ್ಲಿಂದ ರಾಯಚೂರಿಗೆ ಕಳಿಸಿದರು. ಕೂಸನ್ನು ನೀಲಿ ಬೆಳಕಿನ ಕೆಳಗೆ ಮಲಗಿಸಿದರು, ಮೈಯ ರಕ್ತ ಬದಲಿಸಿದರು. ಕೂಸು ಉಳಿಯಿತು. ಬಸ್ಸಪ್ಪ ಓಣಿಗೆಲ್ಲ ಸಕ್ಕರೆ ಹಂಚಿದ. ನಾನೂ ತಿಂದೆ.

ತಡವಾಗಿ ಹೆಸರಿಡುವ ಕಾರ್ಯ ಮಾಡಿದರು. ಮಲ್ಲೇಶನ ಅಕ್ಕ ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ "ಸುಜಾತಾ" ಎಂದಳು. "ಕುರ್ರ್" ಎಂದು ಜೋರಾಗಿ ಕೂಗಿದಳು. ಆ ಕೂಗಿಗೆ ಎಂಥ ಕೂಸೂ ಬೆಚ್ಚುತ್ತದೆ. ಎಲ್ಲರೂ ನಗಲು ತಯಾರಾಗಿ ನಿಂತಿದ್ದರು. ಕೂಸು ಕಣ್ಣು ತೆರೆದು ಮೇಲೆ ನೋಡುತ್ತಲೇ ಇತ್ತು.

"ಇನ್ನೊಮ್ಮಿ ಕರಿಯವಾ, ಕೇಳಿಲ್ಲ ಕಾಣತೈತಿ" ಎಂದಳು ಯಂಕಮ್ಮ.

ಇನ್ನೊಮ್ಮೆ ಕರೆದಳು. ಯಂಕಮ್ಮ ತಾನೇ ಬಂದು ಕರೆದಳು. ತಾಟು ತಂದು ಬಾರಿಸಿದಳು. ತೊಟ್ಟಿಲ ಸುತ್ತ ಇದ್ದವರೆಲ್ಲ ಕಿವಿ ಮುಚ್ಚಿಕೊಂಡರು. ಸುಜಾತಾ ಮಾತ್ರ ಅಜ್ಜಿಯ ಬಾಯನ್ನೇ ನೋಡುತ್ತಿದ್ದಳು.

ಕಾಮಣಿ ಮೆದುಳಿಗೆ ಏರಿ ಕೇಳುವ ನರ ಕೆಟ್ಟಿದೆ ಎಂದು ಡಾಕ್ಟರರು ಹೇಳಿದರು. ಬೇಗ ಬಂದಿದ್ದರೆ ನೀಲಿ ಬೆಳಕೇ ಸಾಕಾಗುತ್ತಿತ್ತೇನೋ ಎಂದರು. ಈಗ ಪರೀಕ್ಷೆ, ಯಂತ್ರ, ಓಡಾಟ. ಎಷ್ಟು ಕೇಳಿಸೀತು ಎಂದು ಯಾರೂ ಖಚಿತವಾಗಿ ಹೇಳುವುದಿಲ್ಲ.

ಆಮೇಲೆ ಒಂದು ದಿನ ಮೇಘಾ ಅಪ್ಪ ಅವ್ವನ ಎದುರಿಗೇ ಆ ಹಳೆಯ ಉತ್ತರಗಳನ್ನು ನನಗೆ ತೋರಿಸಿದಳು. ಅಷ್ಟೊಂದು ಉತ್ತರಗಳ ನಡುವೆ ಮಸ್ಕಿಯ ಮಹಾಲಕ್ಷ್ಮಿ ಎಂಬುವಳು ಬರೆದಿದ್ದಳು: "ಫೋಟೋದಾಗ ಬಣ್ಣ ತಿಳಿಯಂಗಿಲ್ಲ ತಂಗಿ. ಅಂಗಾಲು ಹಳದಿ ಆಗಿದ್ರ, ಹಾಲು ಕುಡೀಲಿಲ್ಲಂದ್ರ, ಈಗಿಂದೀಗ ದವಾಖಾನಿಗೆ ಹೋಗು." ಅದರ ಕೆಳಗೆ ಯಾರೋ, "ಬಾಣಂತಿಗೆ ಹಿಂಗ ಹೆದರಸ್ತಾರೇನು?" ಎಂದು ಗದರಿಸಿದ್ದರು.

"ಇದನ್ನ ನೋಡಿದ್ದಿಲ್ಲೇನವಾ?" ಎಂದೆ.

"ನೋಡಿದ್ದೆ ತಾತಾ. ಅವ್ವಗ ಓದಿ ಹೇಳಲಿಲ್ಲ. ಏನೂ ಆಗಂಗಿಲ್ಲ ಅನ್ನವ್ರು ಭಾಳ ಮಂದಿ ಇದ್ರು. ನನಗ ಅದ ಬೇಕಾಗಿತ್ತು."

ಬಸ್ಸಪ್ಪ ಎದ್ದು ಒಳಗೆ ಹೋದ. ಯಂಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನಾನೂ ಕೂಸಿನ್ನ ಕತ್ತಲ್ಯಾಗ ಮುಚ್ಚಿಟ್ಟೆ ನರಸಣ್ಣಾ" ಎಂದಳು.

ಈಗ ಯಂಕಮ್ಮ ಓಣಿಯಲ್ಲಿ ಎಲ್ಲಿ ಹೆರಿಗೆಯಾದರೂ ಮೊದಲು ಹೋಗಿ ಕಿಟಕಿಯ ಕೌದಿ ಕೀಳುತ್ತಾಳೆ. ಬೈಸಿಕೊಳ್ಳುತ್ತಾಳೆ, ಆದರೂ ಕೀಳುತ್ತಾಳೆ. ಮೇಘಾ ಗುಂಪು ಬಿಟ್ಟಿಲ್ಲ. ಯಾರಾದರೂ ಕೂಸಿನ ಫೋಟೋ ಹಾಕಿದರೆ, "ದವಾಖಾನಿಗೆ ಹೋದ್ರೇನು? ಹೋಗಿ ಬಂದು ಬರೀರಿ" ಎಂದು ಉತ್ತರಿಸುತ್ತಾಳೆ. ಅವಳನ್ನೂ ಗದರಿಸುತ್ತಾರೆ.

ಕೇಳುತ್ತಿರುವವರೇ, ಫೋನಿನ ಗುಂಪಿನಲ್ಲಿ ಅಡುಗೆ ಕೇಳಿ, ಹೊಲಿಗೆ ಕೇಳಿ, ನೌಕರಿಯ ವಿಷಯ ಕೇಳಿ. ಬೇಡ ಎನ್ನುವುದಿಲ್ಲ. ಆದರೆ ಕೂಸಿನ ಕಣ್ಣು, ಅಂಗಾಲು ಹಳದಿಯಾದರೆ, ಕೂಸು ಹಾಲು ಬಿಟ್ಟರೆ, ಎಬ್ಬಿಸಿದರೂ ಏಳದಿದ್ದರೆ ಗುಂಪಿಗೆ ಏನು ಕೇಳುತ್ತೀರಿ? ಅವರ ಕೈಯಲ್ಲಿ ಇರುವುದು ಫೋಟೋ. ಕೂಸು ಇರುವುದು ನಿಮ್ಮ ಕೈಯಲ್ಲಿ. "ನನಗೆ ತಿಳಿಯದು, ತೋರಿಸೋಣ ನಡಿ" ಎನ್ನುವವರು ಮನೆ ಬಾಗಿಲಿಗೆ ಬಂದರೆ ಅವರ ಬೆನ್ನು ಹತ್ತಿ ಹೋಗಿ. ದಿನಾ ಕೂಸನ್ನು ಹಗಲು ಬೆಳಕಿನಲ್ಲಿ ನೋಡಿ.

ಸುಜಾತಾ ಈಗ ಅಂಬೆಗಾಲಿಡುತ್ತಾಳೆ. ಅವಳು ಬಾಗಿಲ ಕಡೆಗೆ ಹೊರಟರೆ ಮೇಘಾ ಕರೆಯುವುದಿಲ್ಲ. ಓಡಿ ಹೋಗಿ ಎದುರಿಗೆ ಕೂರುತ್ತಾಳೆ.