ಹಳದಿಮುಳ್ಳಿನ ಬೇಲಿ

ನನಗೆ ಕೋಪ ಬರುವುದು ಬೇಗ, ಇಳಿಯುವುದು ನಿಧಾನ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ನನ್ನನ್ನು ಪಾಪದ ಮುದುಕಿ ಎಂದುಕೊಂಡು ಮೋಸಹೋಗುವುದು ಬೇಡ.

ಊರಿನವರು ನನಗೆ ಇಟ್ಟ ಹೆಸರು ಹಳದಿಕೈ. ಹಳದಿಮುಳ್ಳಿನ ತೊಗಟೆ ಹೆರೆದು ಹೆರೆದು ಬೆರಳುಗಳಿಗೆ ಹಿಡಿದ ಬಣ್ಣ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಆ ಗಿಡಕ್ಕೆ ಒಂದೊಂದು ಗೆಣ್ಣಿಗೆ ಮೂರು ಮೂರು ಮುಳ್ಳು, ಹುಳಿಯಾದ ಪುಟ್ಟ ಕೆಂಪು ಹಣ್ಣು, ತೊಗಟೆ ಕೆರೆದರೆ ಒಳಗೆಲ್ಲ ಅಪ್ಪಟ ಹಳದಿ. ತೊಗಟೆ ಕುದಿಸಿ ಸೋಸಿದ ನೀರು ಕಣ್ಣುಬೇನೆಗೆ, ಬೇರಿನ ಕಷಾಯ ಜ್ವರಕ್ಕೆ, ಬಾಯಿಹುಣ್ಣಿಗೆ. ನಮ್ಮಮ್ಮ ಹಿತ್ತಲ ಗೋಡೆಯಿಂದ ಹಿಡಿದು ಹೊಲದ ಅಂಚಿನುದ್ದಕ್ಕೂ ಅದನ್ನೇ ಬೇಲಿಯಾಗಿ ನೆಟ್ಟಿದ್ದಳು. ಒಟ್ಟು ಮೂವತ್ತೆಂಟು ಗಿಡ. ಸಾಯುವ ಮುಂಚೆ ನನ್ನ ಕೈ ಹಿಡಿದು, "ಬೇಲಿ ನೋಡ್ಕೋ" ಎಂದಳೇ ಹೊರತು ಮನೆ ನೋಡಿಕೋ, ಮಕ್ಕಳನ್ನು ನೋಡಿಕೋ ಎನ್ನಲಿಲ್ಲ. ಮದ್ದು ಕೊಟ್ಟದ್ದಕ್ಕೆ ನಾನು ಯಾರಿಂದಲೂ ಏನೂ ಕೇಳಿದವಳಲ್ಲ. ಮರ್ಯಾದೆ ಒಂದನ್ನು ಕೇಳುತ್ತಿದ್ದೆ, ಅದನ್ನು ಮಾತ್ರ ಜೋರಾಗಿಯೇ ಕೇಳುತ್ತಿದ್ದೆ.

ಹೀಗಿರುವಾಗ, ಮೊದಲೆಲ್ಲ ಅಲ್ಲೊಂದು ಇಲ್ಲೊಂದು ಎಲೆಗೆ ಕಾಣುತ್ತಿದ್ದ ತುಕ್ಕು ರೋಗ ಊರಿನ ಗೋಧಿಗೆಲ್ಲ ಹಬ್ಬಿತು. ತೆನೆ ಕಟ್ಟುವ ಹೊತ್ತಿಗೆ ಸರಿಯಾಗಿ ಎಲೆ, ಕಾಂಡದ ಮೇಲೆಲ್ಲ ಇಟ್ಟಿಗೆ ಬಣ್ಣದ ಪುಡಿ. ಹೊಲದಲ್ಲಿ ಒಂದು ಸುತ್ತು ನಡೆದರೆ ಬಟ್ಟೆಯೆಲ್ಲ ಕೆಂಪು. ಕೊಯ್ದು ಬಡಿದರೆ ಕಾಳು ಜೀರಿಗೆಯಷ್ಟು ಸಣ್ಣ, ಬೀಸಿದರೆ ಬರೀ ಹೊಟ್ಟು. ಒಂದು ವರ್ಷ ಹೋಯಿತು, ಎರಡನೆಯದೂ ಹಾಗೇ ಹೋಯಿತು. ಜನ ಸುಮ್ಮನೆ ಕೂರಲಿಲ್ಲ. ಇಬ್ಬಿಬ್ಬರು ಹಗ್ಗದ ಎರಡು ತುದಿ ಹಿಡಿದು, ಬೆಳಕು ಹರಿಯುತ್ತಿದ್ದಂತೆ ಹೊಲದ ಮೇಲೆಲ್ಲ ಎಳೆದು ಇಬ್ಬನಿ ಉದುರಿಸಿದರು. ಒಲೆಯ ಬೂದಿ ಎರಚಿದರು. ಹುಳಿಮಜ್ಜಿಗೆ ಚಿಮುಕಿಸಿದರು. ಯಾವುದಕ್ಕೂ ಜಗ್ಗದೆ ಇದ್ದಾಗ ನನ್ನ ಹತ್ತಿರ ಬಂದರು.

ನಾನು ಬಿಡುತ್ತೇನೆಯೇ? ದೊಡ್ಡ ಹಂಡೆ ಇಟ್ಟು, ಹಳದಿಮುಳ್ಳಿನ ತೊಗಟೆ ಹಾಕಿ ಕುದಿಸಿದೆ. ಮನುಷ್ಯರ ಕಣ್ಣಿಗೆ ಆಗುವುದು ಗೋಧಿಗೆ ಆಗದೇ ಏನು? ಪೊರಕೆ ಅದ್ದಿ ಅದ್ದಿ ಹೊಲಕ್ಕೆಲ್ಲ ಚಿಮುಕಿಸಿ ಎಂದೆ. ಚಿಮುಕಿಸಿದರು. ಮೂರನೆಯ ವರ್ಷವೂ ಗೋಧಿ ಕೆಂಪಾಯಿತು. ನೀವು ಚಿಮುಕಿಸಿದ್ದೇ ಸರಿಯಿಲ್ಲ ಎಂದು ಎಲ್ಲರಿಗೂ ಬೈದು ಕಳಿಸಿದೆ.

ಆ ಕೊಯ್ಲು ಮುಗಿದ ಮೇಲೆ ಪಕ್ಕದ ಹೊಲದವನು ನನ್ನ ಹಿತ್ತಲಿಗೆ ಬಂದ. ಅವನನ್ನು ಊರೆಲ್ಲ ಕರೆಯುವುದು ಹೆಜ್ಜೆರಾಯ ಎಂದು. ಏನು ಸಿಕ್ಕಿದರೂ ಹೆಜ್ಜೆಯಲ್ಲಿ ಅಳೆಯುವ ಹುಚ್ಚು ಅವನಿಗೆ. ಬಾವಿಗೆ ಎಷ್ಟು ಹೆಜ್ಜೆ, ಗಿರಣಿಗೆ ಎಷ್ಟು ಹೆಜ್ಜೆ, ಕೇಳಿದರೂ ಹೇಳುತ್ತಾನೆ, ಕೇಳದಿದ್ದರೂ ಹೇಳುತ್ತಾನೆ. ನಾನು ತೊಗಟೆ ಹೆರೆಯುತ್ತ ಕೂತಿದ್ದೆ. ಅವನು ನಿಂತೇ ಇದ್ದ.

"ದೊಡ್ಡಮ್ಮ, ಬೈಬೇಡಿ. ನಿಮ್ಮ ಬೇಲಿಯಿಂದ ಇಪ್ಪತ್ತು ಹೆಜ್ಜೆ ಒಳಗೆ ನಂದು ಒಂದು ತೆನೆನೂ ಉಳಿದಿಲ್ಲ. ನಲವತ್ತು ಹೆಜ್ಜೆಗೆ ಅರ್ಧ ಉಳಿದಿದೆ. ನೂರು ಹೆಜ್ಜೆ ಆಚೆ ಸುಮಾರಾಗಿದೆ. ಮೂರು ವರ್ಷಾನೂ ಹೀಗೇ. ಮೊದಲು ಶುರುವಾಗೋದೂ ಬೇಲಿ ಪಕ್ಕದಲ್ಲೇ."

"ಅಂದ್ರೆ?"

"ರೋಗ ಬೇಲಿಯಿಂದ ಬರ್ತಿದೆಯೇನೋ ಅಂತ."

ಮೈಯೆಲ್ಲ ಉರಿದುಹೋಯಿತು. ಕೈಯಲ್ಲಿದ್ದ ಕುಡುಗೋಲನ್ನು ಕೆಳಗಿಟ್ಟೆ, ಇಡದಿದ್ದರೆ ಏನಾಗುತ್ತಿತ್ತೋ. "ನಿನ್ನ ಮಗಳ ಎರಡೂ ಕಣ್ಣು ಕೀವು ತುಂಬಿ ಅಂಟಿಕೊಂಡಿದ್ದಾಗ ಒಂಬತ್ತು ದಿನ ತೊಳೆದು ಬಿಡಿಸಿದ್ದು ಯಾರು? ಯಾವ ಗಿಡದ ನೀರಿಂದ? ಆವತ್ತು ಎಣಿಸಿದ್ಯಾ ಹೆಜ್ಜೆ?"

"ಅದನ್ನ ಮರೆತಿಲ್ಲ ದೊಡ್ಡಮ್ಮ."

"ಮರೆತಿದ್ರೇ ಚೆನ್ನಾಗಿತ್ತು. ನೆನಪಿಟ್ಕೊಂಡು ಈ ಮಾತು ಆಡ್ತೀಯಲ್ಲ, ನಾಚ್ಕೆ ಆಗಲ್ವಾ? ಕೃತಘ್ನ!"

ಅವನು ತಲೆ ತಗ್ಗಿಸಿಕೊಂಡು ಹೋದ. ಹೋಗುವಾಗಲೂ ತುಟಿ ಅಲುಗುತ್ತಿತ್ತು. ಎಣಿಸುತ್ತಿದ್ದ, ದರಿದ್ರದವನು.

ಮಾತು ಅಲ್ಲಿಗೆ ನಿಲ್ಲಲಿಲ್ಲ. ವಾರದೊಳಗೆ ಗಿರಣಿಯ ಅಂಗಳದಲ್ಲಿ ಜನ ಸೇರಿದರು. ಊರಿನ ಯಜಮಾನ, ಸದಾ ಹೊಟ್ಟೆ ಮೇಲೆ ಕೈಯಿಟ್ಟುಕೊಂಡು ಮಾತಾಡುವವನು, ಬೇಲಿ ಕಡಿದುಬಿಟ್ಟರೆ ಆಯಿತಲ್ಲ ಎಂದನಂತೆ. ಸುದ್ದಿ ಕಿವಿಗೆ ಬಿದ್ದದ್ದೇ ನಾನು ಉಟ್ಟ ಬಟ್ಟೆಯಲ್ಲೇ ಹೊರಟೆ.

"ಕೊಡಲಿ ಹಿಡಿದು ಬರೋರೆಲ್ಲ ಬನ್ನಿ," ಎಂದೆ. "ಮುಂದಿನ ಸಲ ಕಣ್ಣು ಕೆಂಪಾದಾಗ ಆ ಕೊಡಲೀನೇ ಕಣ್ಣಿಗೆ ಒತ್ಕೊಳ್ಳಿ."

ಮುಂದೆ ನಿಂತಿದ್ದ ಇಬ್ಬರು ಹಿಂದಕ್ಕೆ ಸರಿದರು. ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಗೆದ್ದೇ ಬರುತ್ತಿದ್ದೆ. ಆದರೆ ನಾನು ಸುಮ್ಮನಿರುವವಳೇ?

"ಹಳ್ಳದಾಚೆ ನಮ್ಮ ಹೊಲ ಇದೆ. ಅಲ್ಲಿ ಯಾವತ್ತಾದ್ರೂ ತುಕ್ಕು ಬಂದಿದ್ಯಾ? ಇಲ್ಲ. ಬರೋ ವರ್ಷ ಅದರ ನಟ್ಟನಡುವೆ ಹಳದಿಮುಳ್ಳು ನೆಡ್ತೀನಿ. ಸುತ್ತ ತುಕ್ಕು ಬಂದ್ರೆ ಬೇಲೀನ ನನ್ನ ಕೈಯಾರೆ ಕೀಳ್ತೀನಿ. ಬರದಿದ್ರೆ ನೀವಿಷ್ಟೂ ಜನ ನನ್ನ ಬೇಲಿ ಮುಂದೆ ಸಾಲಾಗಿ ನಿಂತು ತಪ್ಪಾಯ್ತು ಅನ್ನಬೇಕು. ಯಜಮಾನರು ಮೊದಲು, ಹೆಜ್ಜೆರಾಯ ಕೊನೆಗೆ."

ಗಿರಣಿಯವನು ಹಿಟ್ಟು ಮೆತ್ತಿದ ಮೀಸೆಯಲ್ಲೇ ನಕ್ಕ. "ಅಕ್ಕ, ನಿಮ್ಮ ಮಾತು ಕಲ್ಲಿಗಿಂತ ನುಣ್ಣಗೆ ಬೀಸುತ್ತೆ. ಆದ್ರೆ ಆ ಹೊಲ ಹೋದ್ರೆ ನಿಮ್ಮನೆಗೇ ರೊಟ್ಟಿ ಇಲ್ಲ, ಗೊತ್ತಲ್ಲ?"

"ನನ್ನ ರೊಟ್ಟಿ ಚಿಂತೆ ನಿನಗೆ ಬೇಡ," ಎಂದೆ.

ಮನೆಯಲ್ಲಿ ಮಗ ಕುಣಿದಾಡಿದ. "ಅಮ್ಮ, ನಿನ್ನ ಹಟಕ್ಕೆ ನಮ್ಮೆಲ್ಲರ ಹೊಟ್ಟೆ ಪಣಕ್ಕಿಟ್ಟು ಬಂದ್ಯಾ?" ಎಂದ. ಪಣ ಕಟ್ಟಿಲ್ಲ, ಮಾತು ಕೊಟ್ಟಿದ್ದೇನೆ, ಅದು ಇನ್ನೂ ಗಟ್ಟಿ ಎಂದೆ. ಸೊಸೆ ಒಲೆ ಊದುತ್ತ, "ನೆಡೋದೇ ಆದ್ರೆ ಚೆನ್ನಾಗಿರೋದನ್ನ ನೋಡಿ ನೆಡಿ ಅತ್ತೆ. ಆಮೇಲೆ ಒಣಕಲು ಗಿಡ ನೆಟ್ರು ಅಂತ ಮಾತು ಬರಬಾರದು," ಎಂದಳು. ನನ್ನ ಪರವೋ ವಿರುದ್ಧವೋ, ಅವಳ ಮಾತು ಇವತ್ತಿಗೂ ತಿಳಿಯುವುದಿಲ್ಲ.

ಮುಂದಿನ ವರ್ಷ ಗೋಧಿ ಮೊಣಕಾಲೆತ್ತರ ಬಂದಾಗ ಬೇಲಿಯಲ್ಲೇ ಸೊಂಪಾದ ಗಿಡವನ್ನು ಬುಡದ ಮಣ್ಣು ಸಮೇತ ಅಗೆದು, ಗೋಣಿಯಲ್ಲಿ ಸುತ್ತಿ, ಹಳ್ಳ ದಾಟಿಸಿದೆ. ಎಲೆಗಳ ಕೆಳಗೆ ಕಿತ್ತಳೆ ಬಣ್ಣದ ಪುಟ್ಟ ಪುಟ್ಟ ಬಟ್ಟಲುಗಳ ಗುಂಪು ಇತ್ತು. ಚಿಕ್ಕಂದಿನಿಂದ ನೋಡಿದ್ದೇ. ಗಿಡ ಓಲೆ ಹಾಕಿಕೊಂಡಿದೆ ಎನ್ನುತ್ತಿದ್ದಳು ನಮ್ಮಮ್ಮ. ಅಂದಕ್ಕೆ ಇರಲಿ ಎಂದು ಅಂಥದನ್ನೇ ಆರಿಸಿದ್ದೆ. ಮೂರು ದಿನಕ್ಕೊಮ್ಮೆ ಹೋಗಿ ನೀರು ಹಾಕಿದೆ. ಗೋಧಿ ಹಸಿರೋ ಹಸಿರು. ಗೆದ್ದೆ ಎಂದುಕೊಂಡು, ಯಜಮಾನ ತಪ್ಪಾಯ್ತು ಎನ್ನುವಾಗ ಯಾವ ಕಲ್ಲಿನ ಮೇಲೆ ಕೂರಬೇಕು ಎಂಬುದನ್ನೂ ನೋಡಿಟ್ಟುಕೊಂಡೆ.

ಹದಿನೆಂಟನೆಯ ದಿನ, ಗಿಡದ ಪಕ್ಕದ ಒಂದು ಗೋಧಿ ಎಲೆಯ ಮೇಲೆ ಕೆಂಪು ಪುಡಿ ಕಂಡಿತು. ಬಟ್ಟೆಯ ಅಂಚಿನಿಂದ ಒರೆಸಿದೆ. ಧೂಳು ಎಂದುಕೊಂಡೆ. ಮರುದಿನ ಹೋದರೆ ಹತ್ತು ಎಲೆ. ಮತ್ತೊಂದು ವಾರಕ್ಕೆ ಗಿಡದ ಸುತ್ತ ಕೆಂಪು ಚಕ್ರವೇ ಬಿದ್ದಿತ್ತು. ಯಾರಿಗೆ ಬೈಯಲಿ? ಅಲ್ಲಿದ್ದದ್ದು ನಾನೊಬ್ಬಳೇ. ಕೊನೆಗೆ ಗಿಡಕ್ಕೆ ಬೆನ್ನು ಮಾಡಿ ನಿಂತು ನಡೆದೆ. ಒಂದು, ಎರಡು, ಮೂರು. ಹತ್ತು ಹೆಜ್ಜೆವರೆಗೆ ಪೂರ್ತಿ ಕೆಂಪು, ಇಪ್ಪತ್ತಕ್ಕೆ ಅರ್ಧ, ನಲವತ್ತಕ್ಕೆ ಹಸಿರು. ಆ ಕಡೆ ನಡೆದೆ, ಈ ಕಡೆ ನಡೆದೆ. ನಾಲ್ಕು ದಿಕ್ಕಿಗೂ ಅದೇ ಲೆಕ್ಕ.

ಇನ್ನೂ ಯಾರೂ ನೋಡಿರಲಿಲ್ಲ. ಮಗ ಆ ವಾರವೆಲ್ಲ ಕಾಲುವೆ ಕೆಲಸಕ್ಕೆ ಹೋಗುತ್ತಿದ್ದ. ಗಿಡ ಕಿತ್ತು ಹಳ್ಳಕ್ಕೆ ಎಸೆದು, ಒಣಗಿಹೋಯಿತು ಎಂದರೆ ಮುಗಿಯಿತು. ಅಷ್ಟು ಜನರ ಬಾಯಿ ಮುಚ್ಚಿಸಿದವಳಿಗೆ ಒಂದು ಸುಳ್ಳು ಹೆಚ್ಚೇ? ನಿಮ್ಮ ಹತ್ತಿರ ಮುಚ್ಚಿಡುವುದಿಲ್ಲ, ಕೈ ಹಾಕಿಯೇ ಬಿಟ್ಟಿದ್ದೆ. ಬುಡ ಹಿಡಿದು ಎಳೆದೆ. ಒಂದು ಗೆಣ್ಣಿನ ಮೂರೂ ಮುಳ್ಳು ಅಂಗೈಗೆ ಇಳಿದವು. ನೋವಿಗೆ ಅಲ್ಲೇ ಕುಕ್ಕರಿಸಿದೆ. ಆಗ ನನಗೆ ನೆನಪಾದದ್ದು ಹೆಜ್ಜೆರಾಯನ ಮನೆ. ಮೂರು ವರ್ಷದಿಂದ ಅವನ ಹೆಂಡತಿ ಹೊಟ್ಟು ಬೆರೆಸಿದ ಗಂಜಿ ಕಾಯಿಸುತ್ತಿದ್ದಳು. ನಾನು ಕಣ್ಣು ಬಿಡಿಸಿದ ಮಗು ಆ ಗಂಜಿ ಕುಡಿಯುತ್ತಿತ್ತು. ಅವನನ್ನು ನಾನು ಕೃತಘ್ನ ಎಂದಿದ್ದೆ. ಗೋಧಿಯ ನಡುವೆ ಕೂತು, ಯಾರಿಗೂ ಕಾಣದಂತೆ ಗಟ್ಟಿಯಾಗಿ ಅತ್ತುಬಿಟ್ಟೆ.

ಅತ್ತದ್ದು ಮುಗಿದ ಮೇಲೆ ಮುಖ ತೊಳೆದುಕೊಂಡು ನೇರ ಗಿರಣಿಗೆ ಹೋದೆ.

"ಬನ್ನಿ," ಎಂದೆ. "ಎಲ್ಲರೂ ಬನ್ನಿ. ಹೆಜ್ಜೆರಾಯನ್ನ ಕರೀರಿ, ಅವನು ಮುಂದೆ ಇರಲಿ."

ಬಂದರು, ನೋಡಿದರು. ಮಗ ಗಿಡದ ಸುತ್ತ ಒಂದು ಸುತ್ತು ಬಂದ, ಸೊಸೆ ಕೆಂಪಾದ ಒಂದು ತೆನೆ ಹಿಡಿದು ನೋಡಿ ಬಿಟ್ಟಳು. ಹೆಜ್ಜೆರಾಯ ಅಳೆಯಲು ಹೊರಟವನು ನನ್ನ ಮುಖ ನೋಡಿ ನಿಂತ. "ಅಳೆ," ಎಂದೆ. "ನಾನು ಅಳೆದಾಗಿದೆ, ನೀನೂ ಅಳೆ." ಯಜಮಾನ ಹೊಟ್ಟೆ ಸವರಿಕೊಂಡು, "ಈಗಲಾದ್ರೂ ಬುದ್ಧಿ ಬಂತಲ್ಲ ನಿಮಗೆ," ಎಂದ.

"ಬುದ್ಧಿ ಇದ್ದಿದ್ದು ಇವನಿಗೆ. ನನಗೆ ಬಂದಿದ್ದು ಕಣ್ಣು. ನಿಮಗೇನು ಬಂತು, ಮೂರು ವರ್ಷ ಹಗ್ಗ ಎಳೆದಿದ್ದು ಬಿಟ್ಟು?" ಎಂದೆ. ಗಿರಣಿಯವನು ಆ ಕಡೆ ತಿರುಗಿ ಕೆಮ್ಮಿದ.

ಮರುದಿನ ಬೆಳಿಗ್ಗೆ ಯಜಮಾನ ಏಳೆಂಟು ಜನರಿಗೆ ಕೊಡಲಿ ಕೊಟ್ಟು ಕಳಿಸಿದ್ದ. ಬೇಲಿ ಮುಂದೆ ಅಡ್ಡ ನಿಂತೆ. "ಒಬ್ಬ ಮುಟ್ಟಿದ್ರೂ ಕೈ ಮುರೀತೀನಿ. ಸೋತವಳು ನಾನು, ಅಗೆಯೋಳೂ ನಾನೇ. ಅಲ್ಲದೆ ಕೊಡಲಿ ಯಾಕ್ರೋ ತಂದ್ರಿ? ಕಡಿದ್ರೆ ಇದು ಮತ್ತೆ ಚಿಗುರುತ್ತೆ. ಬೇರು ಸಮೇತ ಬರಬೇಕು. ಅಷ್ಟೂ ಗೊತ್ತಿಲ್ದೆ ರೋಗ ಓಡಿಸೋಕೆ ಬಂದ್ರಂತೆ!"

ಹಳ್ಳದಾಚೆ ನೆಟ್ಟ ಗಿಡವನ್ನೂ ಸೇರಿಸಿ ಹನ್ನೊಂದು ದಿನ ಅಗೆದೆ. ಗುದ್ದಲಿ ಹಿಡಿಯಲಾಗದೆ ಹೋದ ದಿನ ಕೂತು ಕೈಗುದ್ದಲಿಯಲ್ಲಿ ಅಗೆದೆ. ನಾಲ್ಕನೆಯ ದಿನದಿಂದ ಮಗನೂ ಗುದ್ದಲಿ ಹಿಡಿದು ಬಂದು ನಿಂತ, ಅವನಿಗೆ ಬುಡ ಎಳೆಯುವ ಕೆಲಸ ಮಾತ್ರ ಕೊಟ್ಟೆ. ಬೇರುಗಳನ್ನೆಲ್ಲ ಕತ್ತರಿಸಿ ಮಂಚದ ಮೇಲೆ, ಮಾಡಿನ ಮೇಲೆ ಒಣಹಾಕಿದೆ, ನಾಲ್ಕು ವರ್ಷಕ್ಕಾಗುವಷ್ಟು ಮದ್ದು. ಅಮ್ಮ ನೆಟ್ಟ ಒಂದೊಂದು ಗಿಡ ಬರುವಾಗಲೂ ಕರುಳು ಕಿತ್ತುಬರುತ್ತಿತ್ತು. ಅದನ್ನು ಯಾರಿಗೂ ತೋರಿಸಲಿಲ್ಲ.

ಒಂದನ್ನು ಉಳಿಸಿಕೊಂಡೆ. ಎಲ್ಲಕ್ಕಿಂತ ಸಣ್ಣದು, ಮೊಣಕಾಲುದ್ದ. ಎಲೆಯಿದ್ದ ರೆಂಬೆಗಳನ್ನೆಲ್ಲ ಕತ್ತರಿಸಿ ಸುಟ್ಟು, ಬರೀ ಬುಡವನ್ನು ಬುಟ್ಟಿಯಲ್ಲಿಟ್ಟುಕೊಂಡು ಊರ ಹಿಂದಿನ ಕಲ್ಲುಗುಡ್ಡದ ಆಚೆಯ ಮಗ್ಗುಲಿಗೆ ಹೋದೆ. ಅಲ್ಲಿ ನೇಗಿಲು ಇಳಿಯುವುದಿಲ್ಲ, ಗೋಧಿಯ ಸುಳಿವಿಲ್ಲ. ಯಜಮಾನ ದಾರಿಯಲ್ಲಿ ತಡೆದ. "ಎಲ್ಲಾ ಕೀಳ್ತೀನಿ ಅಂದಿದ್ರಿ."

"ಕಿತ್ತಿದ್ದೀನಿ, ನೋಡ್ಕೊಂಡು ಬನ್ನಿ. ಗೋಧಿ ನಿಮ್ಮದು, ನೀವು ಉಳಿಸ್ಕೊಳ್ಳಿ. ಮದ್ದು ನಂದು, ನಾನು ಉಳಿಸ್ಕೊಳ್ತೀನಿ. ತಡೀಬೇಕು ಅನ್ಸಿದ್ರೆ ಹಿಂದೆ ಬನ್ನಿ, ಗುಡ್ಡ ಹತ್ತೋಕಾದ್ರೆ." ಅವನು ಗುಡ್ಡವನ್ನು ನೋಡಿದ, ಆಮೇಲೆ ತನ್ನ ಹೊಟ್ಟೆಯನ್ನು ನೋಡಿಕೊಂಡ.

ಆ ವರ್ಷ ನಮ್ಮ ಮನೆಯಲ್ಲಿ ರೊಟ್ಟಿ ಸಣ್ಣದಾಯಿತು. ನನ್ನ ತಟ್ಟೆಯದನ್ನು ನಾನೇ ಇನ್ನಷ್ಟು ಸಣ್ಣದು ಮಾಡಿದೆ. ಸೊಸೆ ತನ್ನದರಲ್ಲಿ ಮುರಿದು ಹಾಕುತ್ತಿದ್ದಳು. ಬೇಸಿಗೆ ಬಂದ ಮೇಲೆ ಗಿಡಕ್ಕೆ ನೀರು ಬೇಕಾಯಿತು. ಕೊಡ ಹೊತ್ತು ಗುಡ್ಡ ಹತ್ತುವಾಗ ಏಳು ಕಡೆ ಕೂರುತ್ತಿದ್ದೆ, ತಲುಪುವ ಹೊತ್ತಿಗೆ ಕೊಡದಲ್ಲಿ ಅರ್ಧ ನೀರು. ಒಂದು ಬೆಳಿಗ್ಗೆ ಮೇಲೆ ಹೋದರೆ ಬುಡ ಆಗಲೇ ಒದ್ದೆಯಾಗಿತ್ತು. ಪಕ್ಕದಲ್ಲಿ ಎರಡು ಖಾಲಿ ಕೊಡ ಇಟ್ಟುಕೊಂಡು ಹೆಜ್ಜೆರಾಯ ಕೂತಿದ್ದ.

"ನಿಮ್ಮ ಹಿತ್ತಲಿಂದ ಇಲ್ಲಿಗೆ ಎರಡು ಸಾವಿರದ ಮುನ್ನೂರ ಹನ್ನೆರಡು ಹೆಜ್ಜೆ, ದೊಡ್ಡಮ್ಮ. ಇಷ್ಟು ದೂರ ತುಕ್ಕು ಬರಲ್ಲ ಬಿಡಿ."

"ನಿನ್ನನ್ನ ಯಾರೋ ಕರೆದಿದ್ದು?"

"ಯಾರೂ ಇಲ್ಲ."

ಆಮೇಲೆ ವಾರಕ್ಕೆ ಮೂರು ಸಲ ಬಂದ, ನಾನು ಬೈದ ದಿನವೂ ಬಂದ. ಅದರ ಮರುವರ್ಷ ಊರಿನ ಗೋಧಿ ತೆನೆ ಕಟ್ಟಿದಾಗ ಹೊಲದಲ್ಲಿ ನಡೆದವರ ಬಟ್ಟೆ ಕೆಂಪಾಗಲಿಲ್ಲ. ಆ ಸುದ್ದಿ ಹೇಳಲು ಅವನೇ ಮೊದಲು ಗುಡ್ಡ ಹತ್ತಿ ಬಂದ. ಗಿಡ ಅಷ್ಟು ಹೊತ್ತಿಗೆ ಸೊಂಟದೆತ್ತರ ಬಂದು, ಹೊಸ ಎಲೆ ತುಂಬಿಕೊಂಡಿತ್ತು. ನಾನು ಸುಮ್ಮನೆ ಕೂರಲಾಗದೆ ಒಂದೊಂದೇ ಎಲೆ ಮಗುಚಿ ನೋಡುತ್ತಿದ್ದೆ. ಒಂದು ನೋಡಿದೆ, ಹತ್ತು ನೋಡಿದೆ, ಇಡೀ ಗಿಡ ನೋಡಿದೆ. ಕೆಳಗೆ ಎಲ್ಲೂ ಕಿತ್ತಳೆ ಬಟ್ಟಲಿಲ್ಲ. ಅಮ್ಮ ಓಲೆ ಎನ್ನುತ್ತಿದ್ದಳಲ್ಲ, ಅವು ಓಲೆ ಅಲ್ಲ, ಗಿಡಕ್ಕೆ ಹಿಡಿದಿದ್ದ ರೋಗ. ಗೋಧಿಯ ಪಕ್ಕದಲ್ಲಿ ನಿಂತಿರುವಷ್ಟು ಕಾಲ ಅದಕ್ಕೂ ಕಾಯಿಲೆಯಿತ್ತು. ಅರವತ್ತು ವರ್ಷ ನೋಡಿದ್ದೇನೆ, ಒಮ್ಮೆಯೂ ತಿಳಿಯಲಿಲ್ಲ.

"ಇಲ್ಲಿ ಬಾರೋ," ಎಂದೆ. ಬಂದ. ಎಲೆ ಮಗುಚಿ ತೋರಿಸಿದೆ. ಅವನು ತಲೆಯಾಡಿಸಿದ, ಅರ್ಥವಾಯಿತು ಅವನಿಗೆ. ಆಗ, ನನ್ನ ಬಾಯಿಂದ ಯಾವತ್ತೂ ಬಾರದ ಮಾತು ಬಂತು.

"ನಿನ್ನ ಲೆಕ್ಕ ಸರಿ ಇತ್ತು ಕಣೋ. ನಾನು ಬೈದಿದ್ದು ತಪ್ಪು. ತಪ್ಪಾಯ್ತು."

ಹೆಜ್ಜೆರಾಯನ ಕಣ್ಣು ತುಂಬಿಬಂತು. ಅದನ್ನು ನೋಡಿ ನನಗೆ ಮತ್ತೆ ಕೋಪ ಬಂತು.

"ಅಳಬೇಡ, ನಡಿ. ಕೆಳಗೆ ಹೋಗಿ ಗಿರಣಿ ಅಂಗಳದಲ್ಲಿ ನಿಂತು ಎಲ್ಲರಿಗೂ ಹೇಳು. ನನ್ನ ಬೇಲಿ ಅವರ ಗೋಧಿ ಕೆಡಿಸಿತ್ತು, ನಿಜ. ಆದ್ರೆ ಅವರ ಗೋಧಿನೂ ನನ್ನ ಬೇಲಿ ಕೆಡಿಸಿತ್ತು. ಅದನ್ನೂ ಹೇಳು. ಯಜಮಾನರಿಗೆ ಎರಡು ಸಲ ಹೇಳು."