ಓದುವವಳ ದನಿ

"ಅಯ್ಯೋ, ಅದು ನನ್ನ ದನಿ!" ಎನ್ನುತ್ತ ಎದೆಲ್ಮಿರಾ ಓದುವ ಎತ್ತರದ ಕುರ್ಚಿಯಿಂದ ಅರ್ಧ ಎದ್ದಳು. ಗೋಡೆಯ ಸ್ಪೀಕರಿನಲ್ಲಿ ಅವಳದೇ ದನಿ ಕಾದಂಬರಿ ಓದುತ್ತಿತ್ತು, ನಿನ್ನೆ ಅವಳು ನಿಲ್ಲಿಸಿದ್ದಲ್ಲಿಂದ ಮುಂದಕ್ಕೆ. ಆ ಪುಟವನ್ನು ಅವಳಿನ್ನೂ ಬಾಯಿಬಿಟ್ಟು ಓದಿಯೇ ಇರಲಿಲ್ಲ.

ತಾಂಬೊರಿಲ್ ಊರಿನ ನಮ್ಮ ಚುಟ್ಟಾ ಕಾರ್ಖಾನೆಯಲ್ಲಿ ನಾವು ಎಲೆ ಸುತ್ತುವಾಗ ಗಟ್ಟಿಯಾಗಿ ಓದಿ ಹೇಳುವವಳು ಅವಳು, ಹತ್ತೊಂಬತ್ತು ವರ್ಷದಿಂದ. ಬೆಳಿಗ್ಗೆ ಪೇಪರು, ಊಟವಾದ ಮೇಲೆ ಕಾದಂಬರಿ. ಓದುವವರನ್ನು ಆರಿಸುವುದು ಯಜಮಾನರಲ್ಲ, ನಾವು. ಓದು ಹಿಡಿಸಿದರೆ ಎಲೆ ಕೊಯ್ಯುವ ಕತ್ತಿಯಿಂದ ಹಲಗೆ ಕುಟ್ಟುತ್ತೇವೆ. ಹಿಡಿಸದಿದ್ದರೆ ಕತ್ತಿಯನ್ನು ನೆಲಕ್ಕೆ ಎಸೆಯುತ್ತೇವೆ. ಆ ಸದ್ದಿಗೆ ಎಂಥವರೂ ಬಾಯಿ ಮುಚ್ಚಲೇಬೇಕು.

"ಮೂರು ತಿಂಗಳು ಆಫೀಸಲ್ಲಿ ಕೂರಿಸಿ ಓದಿಸಿ ರೆಕಾರ್ಡ್ ಮಾಡ್ಕೊಂಡ್ರಲ್ಲ, ನಾನು ಕಾಯಿಲೆ ಬಿದ್ದ ದಿನಕ್ಕೆ ಬೇಕು ಅಂದ್ರಿ!" ಎಂದಳು ಎದೆಲ್ಮಿರಾ.

ಮ್ಯಾನೇಜರ್ ಸೆವೆರೊ ನಕ್ಕ. "ಈ ಮಿಷನ್ನು ಕೆಮ್ಮಲ್ಲಮ್ಮಾ, ರಜಾ ಕೇಳಲ್ಲ. ಯಾವ ಪುಸ್ತಕ ಕೊಟ್ರೂ ನಿಮ್ಮ ದನೀಲೇ ಓದುತ್ತೆ. ಆದ್ರೂ ಪದ್ಧತಿ ಪದ್ಧತೀನೇ. ಇವರೇ ಆರಿಸ್ಲಿ." ಸರಿಯಾಗಿ ಕಾದಂಬರಿಯ ನಾಯಕಿ ದೋಣಿಗೆ ಕಾಲಿಡುವಾಗ ಓದನ್ನು ನಿಲ್ಲಿಸಿದ, ಖದೀಮ.

ಎದೆಲ್ಮಿರಾ ಮೊದಲ ಸಾಲಿನ ನೆರೈದಾಳನ್ನು ನೋಡಿದಳು. ನೆರೈದಾಳ ಮಗಳಿಗೆ ಚರ್ಚಿನಲ್ಲಿ ಹೆಸರಿಡುವಾಗ ಮಗುವನ್ನು ಎತ್ತಿಕೊಂಡಿದ್ದವಳು ಇವಳೇ. "ಹೋಗಿ ಓದಿ ಬಾ ಅಕ್ಕಾ, ನಿನ್ನ ಗಂಟಲಿಗೂ ಮುಂದೆ ಬಿಡುವು ಸಿಗುತ್ತೆ" ಎಂದು ಇವಳನ್ನು ಆಫೀಸಿಗೆ ಕಳಿಸಿದ್ದವಳೂ ಅದೇ ನೆರೈದಾ.

"ನಿಂಗೆ ಗೊತ್ತಿತ್ತೇನೇ?"

"ಕಥೆ ಮುಂದೇನಾಯ್ತು ಕೇಳೋಣ ಬಿಡಕ್ಕಾ," ಎಂದಳು ನೆರೈದಾ, ತಲೆಯೆತ್ತದೆ. ಅವಳ ಎದೆಯ ಮೇಲೆ ಮೇಸ್ತ್ರಿಯ ಹೊಸ ಬಿಲ್ಲೆ ಇತ್ತು. ನಾವೂ ಅದನ್ನು ಕಂಡದ್ದು ಆಗಲೇ.

ಮೊದಲು ಕತ್ತಿ ಕುಟ್ಟಿದವಳು ಅವಳು. ಆಮೇಲೆ, ನಮ್ಮ ಕೈ ಸೇದಿಹೋಗ, ನಾವೂ ಕುಟ್ಟಿದೆವು. ನಾಯಕಿ ದೋಣಿ ಹತ್ತಿದಳೋ ಇಲ್ಲವೋ ತಿಳಿಯಬೇಕಿತ್ತು, ಅಷ್ಟೇ. ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಇದೇ.

"ಎಲೆ ಸುತ್ತೋದು ಕಲೀರಿ. ಯಾರನ್ನೂ ಬೀದಿಗೆ ಬಿಡೋರಲ್ಲ ನಾವು," ಎಂದು ಸೆವೆರೊ ನೆರೈದಾಳ ಪಕ್ಕದ ಖಾಲಿ ಹಲಗೆ ತೋರಿಸಿದ. ಎದೆಲ್ಮಿರಾ ಇಳಿದು ಬಂದು ಕೂತಳು. ಮೊದಲ ಎಲೆ ಅವಳ ಕೈಯಲ್ಲಿ ಹರಿಯಿತು, ಎರಡನೆಯದೂ ಹರಿಯಿತು. ಮೇಲೆ ಸ್ಪೀಕರಿನಲ್ಲಿ ಮತ್ತೆ ಶುರುವಾಗಿದ್ದ ಅವಳ ದನಿ ಅಧ್ಯಾಯ ಮುಗಿಸಿತು. ನಾಯಕಿ ದೋಣಿ ಹತ್ತಿದ್ದಳು. ರೂಢಿಯಂತೆ ನಾವು ಹಲಗೆ ಕುಟ್ಟಿದೆವು.

ನಮ್ಮ ಸದ್ದು ಅಡಗಿದ ಮೇಲೆ ಎದೆಲ್ಮಿರಾ ತನ್ನ ಕತ್ತಿಯನ್ನು ಎತ್ತಿ ಸಿಮೆಂಟ್ ನೆಲಕ್ಕೆ ಎಸೆದಳು. ಠಣ್ ಎಂದಿತು. ನಮ್ಮ ಕೈಗಳೆಲ್ಲ ನಿಂತವು. ಅವಳು ತಲೆಯೆತ್ತಿ ಸ್ಪೀಕರನ್ನೇ ನೋಡುತ್ತ ಕಾದಳು.

ಅವಳ ದನಿ ಮುಂದಿನ ಅಧ್ಯಾಯ ಶುರುಮಾಡಿತು.