ಹೆಜ್ಜೆ ಆಯ್ದುಕೊಳ್ಳುವವನು

ಮಂಗಳವಾರ ಸಂಜೆ ಫೌಸ್ತಿನೊ ತನ್ನ ಹೇಸರಗತ್ತೆಯನ್ನು ಹೊಡೆದುಕೊಂಡು ಹೊಳೆದಂಡೆಯ ಬಿಡಾರಕ್ಕೆ ಇಳಿದಾಗ ಎನ್ಕಾರ್ನ ಅಜ್ಜಿ ಎಂದಿನಂತೆ ಜೋಳದ ಹೆಂಡ ಚಿಚಾ ತುಂಬಿದ ಲೋಟ ಹಿಡಿದು ಎದುರು ಬರಲಿಲ್ಲ. ಒಲೆಯ ಮುಂದೆ ಕೂತಿದ್ದವಳು ಕೂತೇ ಇದ್ದಳು. ಅವಳ ಮಡಿಲಲ್ಲಿ ಒಂದು ಟೋಪಿ ಇತ್ತು. ಕಂದು ಬಣ್ಣದ್ದು, ಅಂಚು ಇಲಿ ಕಡಿದಂಥದ್ದು. ತನ್ನ ತಮ್ಮ ಸಿರಿಲೊನ ಟೋಪಿಯನ್ನು ಫೌಸ್ತಿನೊ ಸಾವಿರ ಟೋಪಿಗಳ ನಡುವೆಯೂ ಗುರುತಿಸಬಲ್ಲ.

"ಕೂತ್ಕೋ ಮಗಾ. ಮೊದ್ಲು ಗಂಟಲು ಒದ್ದೆ ಮಾಡ್ಕೋ, ಆಮೇಲೆ ಹೇಳ್ತೀನಿ."

"ಈಗ್ಲೇ ಹೇಳಿಬಿಡು ಅಜ್ಜಿ."

ಹೇಳುವುದು ಬಹಳವಿರಲಿಲ್ಲ. ಮೇಲಿನ ಹಾಳೂರಲ್ಲಿ ಪೊದೆ ಕಡಿಯುವ ಆಳುಗಳಿಗೆ ಆಲೂಗಡ್ಡೆ ಹೇರಿಕೊಂಡು ಸಿರಿಲೊ ಒಂದು ದಿನ ಮುಂಚೆಯೇ ಹೊರಟಿದ್ದ. ಆ ಮಂಗಳವಾರ ಬೆಳಿಗ್ಗೆ ಸೇತುವೆ ದಾಟಿ ಏರು ಹತ್ತಿದ. ನಡುಹಗಲಿಗೆ ಅವನ ಹೇಸರಗತ್ತೆ ಹೊಳೆಯ ಬಂಡೆಗಳ ಮೇಲೆ ಸತ್ತು ಬಿದ್ದಿತ್ತು. ಟೋಪಿ ಮುಳ್ಳುಪೊದೆಗೆ ಸಿಕ್ಕಿಕೊಂಡಿತ್ತು. ಅಜ್ಜಿಯ ಇಬ್ಬರು ಗಂಡುಮಕ್ಕಳು ಹೊತ್ತು ಮುಳುಗುವ ತನಕ ದಂಡೆಯುದ್ದಕ್ಕೂ ಹುಡುಕಿದ್ದರು.

"ಹೊಳೆ ತಗೊಂಡ್ಬಿಡ್ತು," ಅಂದಳು ಅಜ್ಜಿ. "ನಾಳೆ ನನ್ನ ಮಕ್ಕಳು ಟೋಪಿ ತಗೊಂಡು ಊರಿಗೆ ಹೋಗ್ತಾರೆ. ಬಾಸಿಲಿಯಾಗೆ ಯಾರಾದ್ರೂ ಹೇಳ್ಬೇಕಲ್ಲ."

ಬಾಸಿಲಿಯಾ ಸಿರಿಲೊನ ಹೆಂಡತಿ. ಫೌಸ್ತಿನೊ ಆಚೆ ಹೋದ. ಕತ್ತೆಯ ಹೊರೆ ಇಳಿಸಿದ, ನೀರು ತೋರಿಸಿದ, ಬೆನ್ನು ಉಜ್ಜಿದ. ದುಃಖಕ್ಕೆ ಬಿಡುವು ಇರುತ್ತದೆ, ಕತ್ತೆಯ ಹೊಟ್ಟೆಗೆ ಇರುವುದಿಲ್ಲ.

ಅವನ ಜೊತೆ ಬಂದಿದ್ದವಳು ಇಂಗ್ರಿಡ್. ಅರವತ್ತು ದಾಟಿದ ಹೆಂಗಸು, ಯಾವುದೋ ಚಳಿದೇಶದವಳು, ಗಂಡ ತೀರಿಕೊಂಡು ವರ್ಷವಾಗಿತ್ತು. ಮೇಲಿನ ಹಾಳೂರು ಚೋಕೆಕಿರಾವ್ ನೋಡಬೇಕೆಂದು ಐದು ದಿನಕ್ಕೆ ಅವನನ್ನು ಗೊತ್ತು ಮಾಡಿಕೊಂಡಿದ್ದಳು. ಸುಮ್ಮನೆ ನಡೆಯುವ ಜೀವ. ಹತ್ತು ಮಾತಿಗೆ ಹನ್ನೊಂದು ಫೋಟೊ ಹೊಡೆಯುವ ಜನರನ್ನು ಕಂಡು ಬೇಸತ್ತಿದ್ದ ಅವನಿಗೆ ಅದು ಹಿಡಿಸಿತ್ತು. ವಿಷಯ ತಿಳಿದು ಅವಳು ತನ್ನ ಹರಕು ಸ್ಪ್ಯಾನಿಷ್‌ನಲ್ಲಿ, "ನಾಳೆ ವಾಪಸ್ ಹೋಗೋಣ. ನನಗೇನೂ ಬೇಜಾರಿಲ್ಲ," ಅಂದಳು.

"ಬೇಡಮ್ಮ. ನಾನು ಮೇಲಕ್ಕೇ ಹೋಗ್ಬೇಕು," ಅಂದ ಫೌಸ್ತಿನೊ.

ಯಾಕೆ ಎಂದು ಅವಳಿಗೆ ಬಿಡಿಸಿ ಹೇಳುವಷ್ಟು ಸ್ಪ್ಯಾನಿಷ್ ಅವನ ಬಳಿಯೂ ಇರಲಿಲ್ಲ. ಆ ಕಣಿವೆಯಲ್ಲಿ ಎಳೆಮಗುವಿಗೂ ಗೊತ್ತಿರುವ ಮಾತು ಅದು. ಸತ್ತವನು ಆ ಕ್ಷಣವೇ ಹೊರಟುಹೋಗುವುದಿಲ್ಲ. ಬದುಕಿದ್ದಾಗ ತುಳಿದ ಹಾದಿಯನ್ನೆಲ್ಲ ಮತ್ತೆ ತುಳಿದು, ಬಿಟ್ಟುಬಂದ ಹೆಜ್ಜೆಗಳನ್ನು ಒಂದೊಂದಾಗಿ ಆಯ್ದುಕೊಳ್ಳಬೇಕು. ಐದನೆಯ ದಿನ ಮನೆಯವರು ಅವನ ಬಟ್ಟೆಯನ್ನು ಹರಿಯುವ ನೀರಿನಲ್ಲಿ ತೊಳೆದ ಮೇಲೆಯೇ ಅವನಿಗೆ ಬಿಡುಗಡೆ. ಸಿರಿಲೊ ಹನ್ನೊಂದು ವರ್ಷ ಆ ಹಾಳೂರಿನ ಮೆಟ್ಟಿಲುಗದ್ದೆಗಳಲ್ಲಿ ಪೊದೆ ಕಡಿದವನು. ಅವನ ಹೆಜ್ಜೆ ಊರಿಗಿಂತ ಅಲ್ಲೇ ಹೆಚ್ಚು. ಆಯುವ ದಾರಿಯಲ್ಲಿ ದಣಿಯದಂತೆ ಅಗಿಯಲು ಕೋಕಾ ಎಲೆ ಇಡಲು ಒಡಹುಟ್ಟಿದವನಲ್ಲದೆ ಇನ್ಯಾರು ಹೋಗಬೇಕು?

ಮಲಗುವ ಮುನ್ನ ಅಜ್ಜಿ ಅವನ ತೋಳು ಹಿಡಿದಳು. "ದಾರೀಲಿ ಕರೀತಾನೆ ಮಗಾ. ಕರದೇ ಕರೀತಾನೆ. ಮೂರು ಸಲ ಕರದ್ರೂ ಓಗೊಡಬೇಡ, ತಿರುಗಿ ನೋಡಬೇಡ. ಓಗೊಟ್ಯೋ, ಜೊತೇಲೇ ಕರಕೊಂಡು ಹೋಗ್ತಾನೆ. ಒಂದೇ ವಾರಕ್ಕೆ ಒಂದೇ ಮನೇಲಿ ಎರಡು ಬಟ್ಟೆ ಒಗೆಯೋದು ಬೇಡ."

"ನಂಗೊತ್ತು ಅಜ್ಜಿ."

ಬುಧವಾರ ಬೆಳಕು ಹರಿಯುತ್ತಲೇ ಅವನೂ ಒಂದು ಗಳಿಗೆ ದಂಡೆ ಸುತ್ತಿ ಬಂದ. ಹೊಳೆ ಬಾಯಿಬಡುಕಿಯಂತೆ ಒಂದೇ ಸಮನೆ ಒದರುತ್ತಿತ್ತು. ಎದುರಿಗಿದ್ದವನ ಮಾತೂ ಕೇಳದಷ್ಟು ಸದ್ದು. ಆ ಹೊಳೆ ತೆಗೆದುಕೊಂಡದ್ದನ್ನು ಹಿಂದಕ್ಕೆ ಕೊಟ್ಟದ್ದನ್ನು ಯಾರೂ ಕಂಡಿಲ್ಲ. ಅವನು ಸೇತುವೆ ದಾಟಿ ಏರು ಹಿಡಿದ.

ಅದು ಹಾವು ಹರಿದಂಥ ದಾರಿ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಏನೂ ಇಲ್ಲ. ಪ್ರತಿ ತಿರುವಿನಲ್ಲೂ ಫೌಸ್ತಿನೊ ಮೂರು ಒಳ್ಳೆಯ ಎಲೆ ಆರಿಸಿ, ಉಸಿರು ಊದಿ, ಕಲ್ಲಿನ ಕೆಳಗಿಡುತ್ತಿದ್ದ. ಇಂಗ್ರಿಡ್ ಪ್ರತಿ ಸಲವೂ ನಿಂತು ಕಾಯುತ್ತಿದ್ದಳು. ಬಿಸಿಲು ಏರಿತು. ಕಳ್ಳಿತಿರುವು ತಲುಪುವ ಹೊತ್ತಿಗೆ ಹೊಳೆಯ ಸದ್ದು ಕೆಳಗೆ ಉಳಿದು ಕಿವಿಗೆ ಬಿಡುವಾಗಿತ್ತು. ಅಲ್ಲಿ ಕತ್ತೆ ತಟಕ್ಕನೆ ನಿಂತು ಕಿವಿ ನಿಮಿರಿಸಿತು.

"ಅಣ್ಣಾ."

ದನಿ ಕೆಳಗಿನಿಂದ ಬಂತು. ತೆಳ್ಳಗೆ, ಒಣಗಿ. ಸತ್ತವರ ಸುಳಿವು ಮನುಷ್ಯನಿಗಿಂತ ಮೊದಲು ಪ್ರಾಣಿಗೆ ಹತ್ತುತ್ತದೆ ಎಂದು ಫೌಸ್ತಿನೊನ ಅಪ್ಪ ಹೇಳುತ್ತಿದ್ದುದು ನೆನಪಾಯಿತು.

"ಅಣ್ಣಾ."

ಅವನು ಬಗ್ಗಿ ಎಲೆ ಇಟ್ಟ, ಮೇಲೆ ಕಲ್ಲು ಹೇರಿದ. ಕಣ್ಣು ತುಂಬಿ ಕಲ್ಲು ಕಾಣಿಸಲಿಲ್ಲ.

"ಏ ಕಿವುಡಣ್ಣಾ."

ಚಿಕ್ಕಂದಿನಲ್ಲಿ ಕತ್ತೆ ಒದ್ದು ಫೌಸ್ತಿನೊನ ಎಡಗಿವಿ ಮಂದವಾಗಿತ್ತು. ಸಿರಿಲೊಗೆ ಮಾತು ಬಂದಾಗಿನಿಂದಲೂ ಅವನು ಕಿವುಡಣ್ಣನೇ. ಮದುವೆಮನೆಯಲ್ಲಿ, ಸಂತೆಯಲ್ಲಿ, ಪಾದ್ರಿಯ ಎದುರಿಗೂ ಹಾಗೇ ಕರೆದು ನಗಿಸುತ್ತಿದ್ದ. ಸತ್ತ ಮೇಲೂ ಪೋಲಿತನ ಬಿಟ್ಟಿಲ್ಲವಲ್ಲ ಅಂದುಕೊಂಡ ಫೌಸ್ತಿನೊ. ಓಗೊಡಲು ಬಾಯಿ ತೆರೆದಿತ್ತು. ಅದನ್ನು ಅಂಗೈಯಿಂದ ಮುಚ್ಚಿಕೊಂಡ.

ಇಂಗ್ರಿಡ್ ಅಂಚಿಗೆ ಹೋಗಿ ಕೆಳಗೆ ಬಗ್ಗಿ ನೋಡುತ್ತಿದ್ದಳು. ಬಂಡೆಯ ಹೊಟ್ಟೆ ಮುಂದಕ್ಕೆ ಚಾಚಿದ್ದರಿಂದ ಏನೂ ಕಾಣುತ್ತಿರಲಿಲ್ಲ. "ಯಾರೋ ಕೂಗಿದರು," ಅಂದಳು.

"ಗಿಳಿ," ಅಂದ ಫೌಸ್ತಿನೊ. "ಈ ಕಣಿವೆ ಗಿಳಿಗಳು ಹಂಗೇನೇ. ಮನುಷ್ಯರ ಥರಾನೇ ಕೂಗ್ತವೆ. ಬನ್ನಿ, ಬಿಸಿಲಾಗುತ್ತೆ."

ಅವಳು ಇನ್ನೊಂದು ಗಳಿಗೆ ನಿಂತಳು. ಆಮೇಲೆ ಬಂದಳು. ಊರಿನವನಿಗಿಂತ ಹೆಚ್ಚು ತನಗೇನು ಗೊತ್ತು ಅಂದುಕೊಂಡಿರಬೇಕು. ಒಳ್ಳೆಯ ಜನ ಹಾಗೆಯೇ ಅಂದುಕೊಳ್ಳುತ್ತಾರೆ.

ಗುರುವಾರ ಅವರು ಹಾಳೂರಿನಲ್ಲಿದ್ದರು. ಮೋಡ ಕೆಳಗಿತ್ತು, ಕಲ್ಲುಗೋಡೆಗಳು ಮೇಲಿದ್ದವು. ಆ ಗೋಡೆ ಕಟ್ಟಿದ ಜನ ಎಲ್ಲಿ ಹೋದರೋ ದೇವರಿಗೇ ಗೊತ್ತು. ಅವರು ಬಿಟ್ಟುಹೋದ ಹೆಜ್ಜೆಗಳನ್ನು ಯಾರು ಆಯ್ದರೋ. ಫೌಸ್ತಿನೊ ಸಿರಿಲೊ ಕೆಲಸ ಮಾಡಿದ್ದ ಒಂದೊಂದು ಮೆಟ್ಟಿಲುಗದ್ದೆಗೂ ಇಳಿದು ಎಲೆ ಇಟ್ಟ. ಬಿಳಿಗಲ್ಲಿನಲ್ಲಿ ಹೊರೆ ಹೊರುವ ಲಾಮಾ ಪ್ರಾಣಿಗಳ ಚಿತ್ರ ಕೂರಿಸಿದ ಗೋಡೆಯ ಬಳಿ ಬಹಳ ಹೊತ್ತು ಕೂತ. ಆ ಲಾಮಾಗಳ ಮೇಲಿನ ಪಾಚಿ ಕೆರೆದು ಬೆಳಕಿಗೆ ತಂದವರಲ್ಲಿ ತಾನೂ ಒಬ್ಬ ಎಂದು ತಮ್ಮ ಮೂರು ವರ್ಷ ಕೊಚ್ಚಿಕೊಂಡಿದ್ದ. "ನಿನ್ನ ಕಾಲದಲ್ಲಿ ಇವು ಕಂಡಿದ್ವಾ ಕಿವುಡಣ್ಣ? ನಾನು ಬಂದ ಮೇಲೇ ಕಂಡಿದ್ದು." ಫೌಸ್ತಿನೊಗೆ ಅಲ್ಲಿ ಮನಸ್ಸು ಹಗುರಾಯಿತು. ಮಾಡಬೇಕಾದ್ದನ್ನು ಮಾಡಿದೆ, ತಮ್ಮ ಇನ್ನು ದಣಿಯದೆ ಹೋಗುತ್ತಾನೆ ಅನ್ನಿಸಿತು. ನಾಲ್ಕು ದಿನಗಳಲ್ಲಿ ಅವನು ನೆಮ್ಮದಿಯಾಗಿದ್ದದ್ದು ಆ ಒಂದು ಮಧ್ಯಾಹ್ನ ಮಾತ್ರ.

ಶುಕ್ರವಾರ ಇಳಿಯುವಾಗ ಕಳ್ಳಿತಿರುವಿನ ಮೇಲೆ ರಣಹದ್ದುಗಳು ಸುತ್ತುತ್ತಿದ್ದವು. ಹೊಳೆಯಲ್ಲಿ ಬಿದ್ದ ಕತ್ತೆಗೆ ಬಂದಿರಬೇಕು ಎಂದುಕೊಂಡ. ಆದರೆ ಅವು ಹೊಳೆಯ ಮೇಲಿರಲಿಲ್ಲ. ಹೊರೆ ಬಿಗಿದ ಹಗ್ಗ ಬಿಚ್ಚಿ, ಕಳ್ಳಿಮರದ ಬುಡಕ್ಕೆ ಕಟ್ಟಿ ಇಳಿದ.

ಚಾಚಿದ ಬಂಡೆಯ ಅಡಿಯಲ್ಲಿ ಒಂದು ಅಟ್ಟದಂಥ ಜಾಗವಿತ್ತು. ಸಿರಿಲೊ ಅಲ್ಲಿ ಬಂಡೆಗೆ ಬೆನ್ನು ಕೊಟ್ಟು ಕೂತಿದ್ದ. ಬಲಗಾಲು ಮೊಣಕಾಲಿನ ಕೆಳಗೆ ಮುರಿದು ಹೊರಳಿತ್ತು. ಅದಕ್ಕೆ ತನ್ನದೇ ನಡುಪಟ್ಟಿ ಬಿಗಿದುಕೊಂಡಿದ್ದ. ಸುತ್ತ ಕಳ್ಳಿಹಣ್ಣಿನ ಸಿಪ್ಪೆ ಬಿದ್ದಿತ್ತು. ಫೌಸ್ತಿನೊ ಅವನ ಗದ್ದ ಹಿಡಿದ. ಉಸಿರಿರಲಿಲ್ಲ, ಆದರೆ ಕತ್ತು ಇನ್ನೂ ಸೆಟೆಯದೆ ಆಡುತ್ತಿತ್ತು. ತುಟಿ ಬಿಡಿಸಿದರೆ ಕೆನ್ನೆಯೊಳಗಿನ ಕೋಕಾ ಮುದ್ದೆ ಇನ್ನೂ ಹಸಿಯಾಗಿತ್ತು. ಎಷ್ಟೋ ಸತ್ತ ಪ್ರಾಣಿಗಳನ್ನು ಹೊತ್ತು ಹಾಕಿದವನು ಅವನು. ಮೈ ಸೆಟೆಯಲು ಎಷ್ಟು ಹೊತ್ತು ಹಿಡಿಯುತ್ತದೆಂದು ಯಾರೂ ಅವನಿಗೆ ಹೇಳಿಕೊಡಬೇಕಿರಲಿಲ್ಲ. ಪ್ರಾಣ ಹೋಗಿದ್ದು ಮಂಗಳವಾರ ಅಲ್ಲ, ಬುಧವಾರ ಅಲ್ಲ. ಆವತ್ತೇ ಬೆಳಿಗ್ಗೆ.

ತಮ್ಮನ ಪಕ್ಕ ಕೂತು ಅವನು ತಲೆ ಎತ್ತಿದ. ಬಂಡೆಯ ಕೆಳಗಿಂದ ತಿರುವಿನ ತುದಿ ಕಾಣುತ್ತಿರಲಿಲ್ಲ. ಆದರೆ ಅದರಾಚೆ ದಾರಿ ಮೇಲೇರುವ ಉದ್ದವೆಲ್ಲ ಅಂಗೈ ಮೇಲಿನ ಗೆರೆಯಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಒಬ್ಬ ಗಂಡಸು, ಒಬ್ಬ ಹೆಂಗಸು, ಒಂದು ಕತ್ತೆ ಹಿಂದಿರುಗಿ ನೋಡದೆ ಹೋಗಿದ್ದನ್ನು ಇಲ್ಲಿ ಕೂತವನು ಕೊನೆಯವರೆಗೂ ನೋಡಿರುತ್ತಾನೆ. ಫೌಸ್ತಿನೊ ತಲೆಯನ್ನು ಬಂಡೆಗೆ ಚಚ್ಚಿಕೊಂಡು ಅತ್ತ.

ಮೇಲೆ ಬಂದಾಗ ಇಂಗ್ರಿಡ್ ಅವನ ಹಣೆಯ ರಕ್ತ ನೋಡಿದಳು. ಕೇಳಬೇಕಾದ್ದು ಏನೂ ಉಳಿದಿರಲಿಲ್ಲ.

"ಗಿಳಿ ಅಂದಿರಿ," ಅಂದಳು, ಅಷ್ಟೆ.

ಅಜ್ಜಿಯ ಮಕ್ಕಳು ಬಂದು ಹಗ್ಗ ಹಾಕಿ ಹೆಣ ಎತ್ತಿದರು. ಅವರೂ ಆ ಕತ್ತು ಆಡುವುದನ್ನು ಕಂಡರು, ಕಂಡೂ ಕಾಣದವರಂತಿದ್ದರು. ಬಿಡಾರದಲ್ಲಿ ಅಜ್ಜಿ ಸಿರಿಲೊನ ಮುಖ ಒರೆಸಿ, ಗದ್ದ ಕಟ್ಟಿ, ಫೌಸ್ತಿನೊನನ್ನು ಆಚೆ ಕರೆದಳು.

"ಮಂಗಳವಾರ ಅಂತ್ಲೇ ಹೇಳು ಮಗಾ. ಊರೆಲ್ಲ ಹಂಗೇ ನಂಬಿದೆ. ನಾಳೆ ಐದನೇ ದಿನ, ಬಟ್ಟೆ ಒಗೆದು ಮುಗಿಸ್ತಾರೆ. ಹೋದೋನು ಹೋದ, ಇರೋರು ಇರಬೇಕಲ್ಲಪ್ಪ." ಅವಳು ಮತ್ತೆ ಅವನ ತೋಳು ಹಿಡಿದಳು. "ನಾನು ಹೇಳಿದ್ದು ತಪ್ಪಾ? ನಮ್ಮಮ್ಮ ನಂಗೆ ಹಂಗೇ ಹೇಳಿದ್ಲು."

"ನಿಂದೇನೂ ತಪ್ಪಿಲ್ಲ ಅಜ್ಜಿ," ಅಂದ ಫೌಸ್ತಿನೊ. ಯಾರ ತಪ್ಪು ಎಂದು ಮಾತ್ರ ಹೇಳಲಿಲ್ಲ.

ಶನಿವಾರ ಊರಿನ ಏರು ಹತ್ತುವ ಉದ್ದಕ್ಕೂ ಅವನು ಅದನ್ನೇ ಮೆಲುಕು ಹಾಕಿದ. ಮಂಗಳವಾರ ಅಂದರೆ ಮುಗಿಯಿತು. ಯಾರೂ ಬೆರಳು ತೋರಿಸುವುದಿಲ್ಲ. ಬಾಸಿಲಿಯಾ ಹಬ್ಬಕ್ಕೆ ಮೊದಲಿನಂತೆಯೇ ಜೋಳ ಬೇಯಿಸಿ ಕಳಿಸುತ್ತಾಳೆ, ಮಕ್ಕಳು ದೊಡ್ಡಪ್ಪಾ ಎಂದು ಓಡಿಬರುತ್ತವೆ. ಆದರೆ ದಿನ ತಪ್ಪಿ ಬಟ್ಟೆ ತೊಳೆದರೆ ಸತ್ತವನು ಬೆತ್ತಲೆಯಾಗಿ, ಅರ್ಧ ಹೆಜ್ಜೆ ಆಯ್ದು, ಅರ್ಧ ಬಿಟ್ಟು, ಕೊನೆಯಿಲ್ಲದೆ ಅಲೆಯುತ್ತಾನೆ. ನಾಲ್ಕು ದಿನ ಅವನನ್ನು ನಡೆಸಿದ್ದು ಆ ನಂಬಿಕೆ. ಐದನೆಯ ದಿನ ತನಗೆ ಅನುಕೂಲವಾಯಿತೆಂದು ಅದನ್ನು ಎಸೆಯುವುದು ಹೇಗೆ? ಕತ್ತೆಯ ಬೆನ್ನ ಮೇಲೆ ಕಂಬಳಿ ಸುತ್ತಿದ ತಮ್ಮ ಹೆಜ್ಜೆಹೆಜ್ಜೆಗೂ ತೂಗುತ್ತಿದ್ದ.

ಹೆಂಗಸರು ಆಗಲೇ ತೊರೆಯಲ್ಲಿದ್ದರು. ಸಿರಿಲೊನ ಅಂಗಿಗಳು, ಪೊಂಚೊ ಹೊದಿಕೆ, ಆ ಕಂದು ಟೋಪಿ ದಡದ ಮೇಲಿದ್ದವು. ಬಾಸಿಲಿಯಾ ಮೊಣಕಾಲೂರಿ ಮೊದಲ ಅಂಗಿಯನ್ನು ನೀರಿಗಿಳಿಸಿದ್ದಳು. ಕತ್ತೆಯ ಮೇಲಿದ್ದುದನ್ನು ಕಂಡು ಎದ್ದಳು, ಬಂದು ಕಂಬಳಿ ಸರಿಸಿ ಮುಖ ನೋಡಿದಳು. ಕೆನ್ನೆ ಮುಟ್ಟಿದಳು. ಹೊಳೆ ಕಾಣದ ಮುಖ, ಐದು ದಿನ ಹಳತಲ್ಲದ ಮುಖ.

"ಯಾವತ್ತು ಹೋದ, ಭಾವ?"

ಇಂಗ್ರಿಡ್ ನೆಲ ನೋಡುತ್ತಿದ್ದಳು.

"ನಿನ್ನೆ," ಅಂದ ಫೌಸ್ತಿನೊ. "ಬೆಳಿಗ್ಗೆ. ಕಳ್ಳಿತಿರುವಿನ ಕೆಳಗೆ."

"ಬುಧವಾರ ನೀವು ಆ ತಿರುವು ದಾಟಿದ್ರಲ್ಲ."

"ದಾಟಿದೆ."

"ಕೂಗಿದ್ನಾ?"

"ಕೂಗಿದ. ಮೂರು ಸಲ."

ಬಾಸಿಲಿಯಾ ಕಂಬಳಿಯನ್ನು ಮತ್ತೆ ಮುಖದ ಮೇಲೆ ಎಳೆದಳು. ತೊರೆಗೆ ಹೋಗಿ ಒದ್ದೆ ಅಂಗಿಯನ್ನು ಎತ್ತಿ ಹಿಂಡಿದಳು. ಬೆರಳು ಮಡಿಸಿ ದಿನ ಎಣಿಸಿದಳು. "ಮಂಗಳವಾರ ಒಗೆಯೋಣ," ಎಂದು ಹೆಂಗಸರಿಗೆ ಹೇಳಿದಳು. "ಮಂಗಳವಾರಕ್ಕೆ ಐದಾಗುತ್ತೆ." ಬಟ್ಟೆಗಳನ್ನು ಗಂಟು ಕಟ್ಟಿ, ಕತ್ತೆಯ ಹಗ್ಗ ತಾನೇ ಹಿಡಿದು ಮನೆಯ ಕಡೆ ಹೊರಟಳು.

"ಬಾಸಿಲಿಯಾ," ಎಂದ ಫೌಸ್ತಿನೊ.

ಅವಳು ನಡೆಯುತ್ತಿದ್ದಳು. ಅವನು ಇನ್ನೊಮ್ಮೆ ಕರೆದ. ತೊರೆಯ ಹೆಂಗಸರೆಲ್ಲ ಕೇಳುವಂತೆ ಮೂರನೆಯ ಸಲವೂ ಕರೆದ. ಅವಳು ಓಗೊಡಲಿಲ್ಲ, ತಿರುಗಿಯೂ ನೋಡಲಿಲ್ಲ.